ತೋಟದ ಟ್ರಾಕ್ಟರಿಗೆ ಮಾಡು (ಚಾವಣಿ): ಛತ್ರಿಯೋ, ಶೀಟೋ, ಮುಚ್ಚಿದ ಕ್ಯಾಬಿನ್ನೋ?

ಅಮೆರಿಕದ ಬಫಲೋ ಹತ್ತಿರ ಇರುವ ನನ್ನ ಅಕ್ಕನ ಮಗ ಒಂದು ಫೋಟೋ ಕಳಿಸಿದ್ದ. ಅಂಗಳದಲ್ಲಿ ಹುಲ್ಲು ಕತ್ತರಿಸುವ ಪುಟ್ಟ ಟ್ರಾಕ್ಟರು, ಅದಕ್ಕೆ ನಾಲ್ಕೂ ಸುತ್ತ ಗಾಜಿನ ಪೆಟ್ಟಿಗೆ, ಒಳಗೆ ಬರೀ ಟೀ ಶರ್ಟಿನಲ್ಲಿ ಕೂತ ಇವನು, ಹೊರಗೆ ಸೊಂಟದ ಮಟ್ಟಕ್ಕೆ ಹಿಮ. ಫೋಟೋ ಮನೆಯವರ ವಾಟ್ಸಾಪಿಗೆ ಬಿದ್ದ ಮರುದಿನವೇ ನನ್ನ ತಮ್ಮ ಶುರು ಮಾಡಿದ: "ನಮ್ಮದಕ್ಕೂ ಇಂಥದ್ದೊಂದು ಮಾಡಿಸಿದರೆ ಆಟಿಯ ಮಳೆಯಲ್ಲಿ ಒದ್ದೆಯಾಗದೆ ಸೊಪ್ಪು ತರಬಹುದಲ್ಲ?"

ಆ ಮಾತು ಕೇಳಿ ಆರು ವರ್ಷ ಆಯಿತು. ಇಷ್ಟರಲ್ಲಿ ನಮ್ಮ ಮಿನಿ ಟ್ರಾಕ್ಟರಿನ ಮೇಲೆ ಮೂರು ಥರದ ಮಾಡು ಬಂದು ಎರಡು ಹೋದವು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಡಿಕೆ ತೋಟದಲ್ಲಿ ಮಿನಿ ಓಡಿಸುವವರು ಈಗ ಬೇಕಾದಷ್ಟು ಜನ. ಮಳೆ ಹತ್ತಿರ ಬಂದ ಹಾಗೆ ಫೋನ್ ಬರುತ್ತದೆ: "ನಿಮ್ಮದಕ್ಕೆ ಎಂಥ ಹಾಕಿಸಿದ್ದೀರಿ?" ಪ್ರತಿಯೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ. ಒಟ್ಟಿಗೇ ಬರೆಯುತ್ತೇನೆ.

ಮೊದಲು ಅಳಿಯನ ಪೆಟ್ಟಿಗೆಯ ಕಥೆ ಆಗಲಿ. ಬಫಲೋ ಈರೀ ಸರೋವರದ ದಡದ ಊರು. ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ಚಳಿಗಾಳಿ ಹಾದು ಬರುವಾಗ ನೀರಾವಿ ಹೀರಿಕೊಂಡು, ದಡ ದಾಟಿದ ಕೂಡಲೇ ಹಿಮವಾಗಿ ಸುರಿಯುತ್ತದೆ. 2022ರ ನವೆಂಬರಿನಲ್ಲಿ ಪಕ್ಕದ ಆರ್ಚರ್ಡ್ ಪಾರ್ಕಿನಲ್ಲಿ ಒಂದೇ ಬಿರುಗಾಳಿಗೆ ಬಿದ್ದದ್ದು 80 ಇಂಚು, ಅಂದರೆ ಎರಡು ಮೀಟರು. ನಮ್ಮ ಕಾಸರಗೋಡಿನ ವರ್ಷದ ಮಳೆ ಮೂರೂವರೆ ಮೀಟರಿನ ಆಸುಪಾಸು. ನಮ್ಮದು ಕಣಿಯಲ್ಲಿ ಹರಿದು ಹೊಳೆ ಸೇರುತ್ತದೆ, ಅವನದ್ದು ಗೇಟಿನ ಎದುರು ಕೂತೇ ಇರುತ್ತದೆ. ಅದನ್ನು ತೆಗೆಯಲು ಟ್ರಾಕ್ಟರಿನ ಮುಂದೆ ಬ್ಲೋವರ್ ಕಟ್ಟುತ್ತಾರೆ. ತಿರುಗುವ ಸುರುಳಿಯೊಂದು ಹಿಮವನ್ನು ಒಳಗೆಳೆದು ಕೊಳವೆಯಿಂದ ದೂರಕ್ಕೆ ಎಸೆಯುತ್ತದೆ. ಗಾಳಿ ಎದುರಾದರೆ ಎಸೆದದ್ದೆಲ್ಲ ಮುಖಕ್ಕೇ ವಾಪಸ್ಸು. ಆಕಾಶದಿಂದ ಬೀಳುವ ಹಿಮಕ್ಕಿಂತ ಹೀಗೆ ತಿರುಗಿ ಬರುವ ಹಿಮದ ಪುಡಿಗೇ ಅಲ್ಲಿ ಈ ಪೆಟ್ಟಿಗೆ, ಅವರ ಮಾತಿನಲ್ಲಿ ಕ್ಯಾಬ್, ಬೇಕಾಗುವುದು.

ಅಲ್ಲಿಯೂ ಎರಡು ಜಾತಿ. ಸಾಫ್ಟ್ ಕ್ಯಾಬ್ ಅಂದರೆ ಪೈಪಿನ ಚೌಕಟ್ಟಿಗೆ ವಿನೈಲ್ ಬಟ್ಟೆ, ಪಾರದರ್ಶಕ ಕಿಟಕಿ, ಜಿಪ್ಪು. ಹಾರ್ಡ್ ಕ್ಯಾಬ್ ಅಂದರೆ ಉಕ್ಕು, ಗಾಜು, ವೈಪರು. ಸಾಫ್ಟ್ ಅಗ್ಗ, ಹಗುರ, ಬೇಸಿಗೆಯಲ್ಲಿ ಕಳಚಿ ಅಟ್ಟಕ್ಕೆ ಹಾಕಬಹುದು. ಆದರೆ ಚಳಿಗೆ ವಿನೈಲ್ ಸೆಟೆದು ಮಡಿಕೆಯಲ್ಲೇ ಸೀಳುತ್ತದೆ, ಒದ್ದೆ ಜಿಪ್ಪು ಹೆಪ್ಪುಗಟ್ಟಿ ಮೇಲೆ ಕೆಳಗೆ ಹೋಗುವುದಿಲ್ಲ. ಅಳಿಯ ಒಂದೇ ಚಳಿಗಾಲ ನೋಡಿ ಹಾರ್ಡಿಗೆ ಬದಲಾಯಿಸಿದ. ಹೀಟರಿನದ್ದು ಮತ್ತೊಂದು ತಲೆನೋವು. ಗಾಳಿಯಿಂದ ತಣಿಯುವ ಸಣ್ಣ ಇಂಜಿನಿಗೆ ರೇಡಿಯೇಟರಿನ ಬಿಸಿನೀರು ಎಲ್ಲಿಂದ? ಬ್ಯಾಟರಿಯ 12 ವೋಲ್ಟಿನಿಂದ 15 ಆಂಪಿಯರ್ ಎಳೆದರೂ ಸಿಗುವುದು 180 ವ್ಯಾಟು, ಮೂರು ಹಳೇ ಬಲ್ಬಿನ ಬಿಸಿ. ಹಾಗಾಗಿ ಅಲ್ಲಿನವರು ಮೈಯ ಬಿಸಿ, ಇಂಜಿನಿನ ಬಿಸಿ ಯಾವುದೂ ಹೊರಗೆ ಹೋಗದ ಹಾಗೆ ಸಂದು ಸಂದಿಗೆ ರಬ್ಬರ್ ಪಟ್ಟಿ ಹಚ್ಚುತ್ತಾರೆ.

ಆ ಪೆಟ್ಟಿಗೆಯ ಉದ್ಯೋಗವೇ ಬಿಸಿಯನ್ನು ಹಿಡಿದಿಡುವುದು. ನಮಗೆ ಬೇಕಾದದ್ದು ಸರೀ ಉಲ್ಟಾ. ಇದು ತಲೆಗೆ ಹೋಗಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ಮುಚ್ಚಿದ ಕ್ಯಾಬಿನ್

ನಾನು ಮಾಡಿಸಿದ್ದು ನಮ್ಮೂರಿನ ಸಾಫ್ಟ್ ಕ್ಯಾಬ್. ಒಂದಿಂಚಿನ ಚೌಕ ಪೈಪಿನ ಚೌಕಟ್ಟು, ಮೇಲೆ ದಪ್ಪ ಟಾರ್ಪಾಲು, ರಿಕ್ಷಾಕ್ಕೆ ಪರದೆ ಹೊಲಿಯುವವರಿಂದ ಮೂರು ಬದಿಗೆ ಪಾರದರ್ಶಕ ಪಿವಿಸಿ ಶೀಟು, ಹತ್ತಿ ಇಳಿಯುವ ಬದಿಗೆ ಜಿಪ್ಪು. ಒಟ್ಟು 9 ಸಾವಿರ ಬಿತ್ತು. ನೋಡಲು ಚಂದವೇ ಇತ್ತು. ಮಕ್ಕಳು ಅದರೊಳಗೆ ಕೂತು ಓದಲು ಶುರುಮಾಡಿದ್ದರು.

ಜುಲೈಯ ಒಂದು ಬೆಳಿಗ್ಗೆ, ಗುಡ್ಡೆಯಿಂದ ಸೊಪ್ಪು ತುಂಬಿ ಕೆಳಗಿನ ತೋಟಕ್ಕೆ ಇಳಿಯುತ್ತಿದ್ದೆ. ಮಳೆ ಕೊಡದಲ್ಲಿ ಹೊಯ್ದ ಹಾಗೆ. ಐದು ನಿಮಿಷದಲ್ಲಿ ಎದುರಿನ ಶೀಟು ಬೆಳ್ಳಗಾಯಿತು. ಬೈರಾಸಿನಿಂದ ಒರಸಿದೆ. ಒರಸಿದಲ್ಲಿ ಒಂದು ಕ್ಷಣ ತೋಟ ಕಂಡಿತು, ನೀರಿನೊಳಗಿನಿಂದ ನೋಡಿದ ಹಾಗೆ ಅಡಿಕೆ ಮರಗಳು ಬಳುಕಿದವು, ಮತ್ತೆ ಬೆಳ್ಳಗೆ. ಹೊರಗಿನ ಮಳೆಯಿಂದ ಶೀಟು ತಣ್ಣಗಾಗಿದೆ, ಒಳಗೆ ನನ್ನ ಉಸಿರು, ಬೆವರು, ಒದ್ದೆ ಅಂಗಿಯ ಆವಿ, ಕಾಲ ಬುಡದಿಂದ ಇಂಜಿನಿನ ಬಿಸಿ. ಆ ಆವಿಯೆಲ್ಲ ಹೋಗಿ ಕೂರುವುದು ಎದುರಿನ ಶೀಟಿನ ಮೇಲೆಯೇ. ಬಲಚಕ್ರ ಕಣಿಗೆ ಇಳಿದದ್ದು ಕಣ್ಣಿಗೆ ಕಾಣಲೇ ಇಲ್ಲ, ಸೊಂಟಕ್ಕೆ ಗೊತ್ತಾಯಿತು. ಟ್ರಾಕ್ಟರು ವಾಲಿ ಒಂದು ಅಡಿಕೆ ಮರಕ್ಕೆ ಆತು ನಿಂತಿತು. ಇಳಿಯೋಣ ಅಂದರೆ ವಾಲಿದ ಬದಿಯಲ್ಲೇ ಜಿಪ್ಪು. ಮತ್ತೊಂದು ಬದಿಯ ಪರದೆಯನ್ನು ಕತ್ತಿಯಿಂದ ಕೊಯ್ದು ಹೊರಗೆ ಬಂದಾಗ ನಾನು ಪೂರ್ತಿ ಒದ್ದೆ, ಮಳೆಯಿಂದ ಅಲ್ಲ, ಬೆವರಿನಿಂದ. ಆಮೇಲೆ ಮಳೆಯಿಂದಲೂ.

ಮುಚ್ಚುವುದಾದರೆ ಗಾಜು, ವೈಪರು, ಒಳಗಿನ ಆವಿ ತೆಗೆಯುವ ಫ್ಯಾನು, ಆಮೇಲೆ ಎಸಿ, ಇದೆಲ್ಲ ಒಟ್ಟಿಗೇ ಬರಬೇಕು. ಒಂದು ಬಿಟ್ಟರೂ ಉಳಿದದ್ದು ಕೆಲಸಕ್ಕಿಲ್ಲ. ಕಂಪನಿಯವರೇ ಎಸಿ ಕ್ಯಾಬಿನ್ ಹಾಕಿ ಕೊಡುವ ಟ್ರಾಕ್ಟರುಗಳು ನಮ್ಮ ದೇಶದಲ್ಲೂ ಇವೆ, ಆದರೆ ಅವು 50 ಎಚ್‌ಪಿ ಆಸುಪಾಸಿನ ದೊಡ್ಡ ಗಾಡಿಗಳು. ಬಯಲುಸೀಮೆಯ ಉದ್ದುದ್ದ ಹೊಲಕ್ಕೆ ಸರಿ. ನಮ್ಮ ತೋಟದ ಸಾಲಿನೊಳಗೆ ಅವು ತಲೆಯೂ ತೂರಿಸಲಾರವು. ನಮ್ಮಲ್ಲಿ ಓಡುವ ಕುಬೋಟಾ ಬಿ2441, ಮಹೀಂದ್ರಾದ ಜೀವೊ ಮತ್ತು ಯುವರಾಜ್, ಸ್ವರಾಜ್ 717, ವಿಎಸ್‌ಟಿ ಮಿನಿ, ಹೆಚ್ಚಿನವು 15ರಿಂದ 25 ಎಚ್‌ಪಿಯೊಳಗಿನವು. ಎಸಿ ಕಂಪ್ರೆಸರಿಗೆ ಬಲ ಕೊಟ್ಟರೆ ಮಣ್ಣು ಹುಡಿ ಮಾಡುವ ರೋಟವೇಟರಿಗೆ ಕೊಡುವುದೆಲ್ಲಿಂದ?

ವೈಪರ್ ಇಲ್ಲದ ಎದುರು ಗಾಜಂತೂ ಬೇಡವೇ ಬೇಡ. ಮಳೆ ಮುಖಕ್ಕೆ ಹೊಡೆದರೆ ಕಣ್ಣು ಕಿರಿದು ಮಾಡಿಯಾದರೂ ದಾರಿ ಕಾಣುತ್ತದೆ. ನೀರಿಳಿಯುವ ಗಾಜಿನಾಚೆ ಏನೂ ಕಾಣುವುದಿಲ್ಲ. ಗಾಜಿನ ಬದಲು ಪಾಲಿಕಾರ್ಬೊನೇಟ್ (ಪಾರದರ್ಶಕ ಪ್ಲಾಸ್ಟಿಕ್) ಹಾಕಿಸಿದವರು ಇನ್ನೊಂದು ನೆನಪಿಡಬೇಕು: ಕೆಸರು ಹಾರಿದಾಗ ಒಣಬಟ್ಟೆಯಲ್ಲಿ ಉಜ್ಜಬಾರದು, ಪೆಟ್ರೋಲು ತಿನ್ನರು ತಾಗಿಸಬಾರದು. ಒಮ್ಮೆ ಮಸುಕಾದರೆ ಆಯಿತು, ಮತ್ತೆ ತಿಳಿಯಾಗುವುದಿಲ್ಲ.

ಛತ್ರಿ ಮತ್ತು ರೈನ್‌ಕೋಟು

ನಮ್ಮ ಮೊದಲ ಮಾಡು ಸೀಟಿನ ಹಿಂದೆ ಸಿಕ್ಕಿಸುವ ದೊಡ್ಡ ಛತ್ರಿ. ಬಯಲಿನಲ್ಲಿ ಗದ್ದೆ ಉಳುವವರಿಗೆ, ರಸ್ತೆಯಲ್ಲಿ ಟ್ರೇಲರ್ ಎಳೆಯುವವರಿಗೆ ಬಿಸಿಲಿಗೆ ಇದು ಧಾರಾಳ ಸಾಕು. ಮಳೆಗೆ ಗಾಳಿ ಸೇರಿದರೆ ಮಗುಚಿಕೊಳ್ಳುತ್ತದೆ. ತೋಟದೊಳಗೆ ಹೋದರೆ ಮೊದಲ ದಿನವೇ ಕೊಕ್ಕೋ ಗೆಲ್ಲಿಗೆ ಸಿಕ್ಕಿ ಒಂದು ಕಡ್ಡಿ ಹೋಗುತ್ತದೆ, ವಾರದಲ್ಲಿ ಬಟ್ಟೆ. ನಮ್ಮದು ಈಗ ಕೊಟ್ಟಿಗೆಯಲ್ಲಿ ಕರುವಿಗೆ.

ರೈನ್‌ಕೋಟನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಕೇಳಿದರೆ ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಗಿಂತ ಕಡಿಮೆ ಟ್ರಾಕ್ಟರ್ ಮೇಲೆ ಕೂರುವವರಿಗೆ ಮಾಡೇ ಬೇಡ. ಒಳ್ಳೆಯ ರೈನ್‌ಕೋಟು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಕಾಲಿಗೆ ಗಂಬೂಟು, ಮುಗಿಯಿತು. ಒಂದೇ ಎಚ್ಚರಿಕೆ: ರೋಟವೇಟರ್, ಅದಕ್ಕೆ ಇಂಜಿನಿನ ಬಲ ಕೊಡುವ ಪಿಟಿಒ ಶಾಫ್ಟು ಓಡುವಾಗ ಸಡಿಲ ಅಂಚಿನ ರೈನ್‌ಕೋಟು ಹಾಕಿ ಹಿಂದುಗಡೆ ಇಳಿಯಬೇಡಿ. ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಅಂಚು ಸಿಕ್ಕಿತು ಅಂತ ಗೊತ್ತಾಗುವ ಮೊದಲೇ ಮನುಷ್ಯ ಸಿಕ್ಕಿರುತ್ತಾನೆ.

ನೇಜಿ ನೆಡುವಾಗ ಹೆಂಗಸರು ಬೆನ್ನಿಗೆ ಹೊರುತ್ತಿದ್ದ ಕೊರಂಬು ನೆನಪಿದೆಯಾ? ಬಿದಿರಿನ ಸಲಾಕೆ, ಎಲೆ, ಅಷ್ಟೇ. ಮೇಲೆ ಗಟ್ಟಿ ಮುಚ್ಚುಗೆ, ಕೆಳಗೆ ಎರಡೂ ಬದಿ ತೆರೆದು ಗಾಳಿ ಆಡಲು ಜಾಗ, ಕೈ ಎರಡೂ ಖಾಲಿ. ಮೂರನೇ ಮಾಡು ಮಾಡಿಸುವಾಗ ನಾನು ವರ್ಕ್‌ಶಾಪಿನವರಿಗೆ ಅಮೆರಿಕದ ಫೋಟೋ ತೋರಿಸಲಿಲ್ಲ, "ಕೊರಂಬಿನ ಹಾಗೆ ಮಾಡಿ" ಅಂದೆ.

ತೆರೆದ ಮಾಡು, ಮತ್ತು ಅದನ್ನು ಎಲ್ಲಿ ಕೂರಿಸುವುದು

ಇಲ್ಲಿ ಸ್ವಲ್ಪ ನಿಂತು ಓದಿ.

ಟ್ರಾಕ್ಟರಿನ ಸೀಟಿನ ಹಿಂದೆ ದಪ್ಪ ಉಕ್ಕಿನ ಕಮಾನು ಇರುತ್ತದಲ್ಲ, ರೋಪ್ಸ್ ಅನ್ನುತ್ತಾರೆ. ಗಾಡಿ ಮಗುಚಿದರೆ ಚಾಲಕ ಅಡಿಗೆ ಸಿಕ್ಕಿ ಜಜ್ಜಿ ಹೋಗದ ಹಾಗೆ ನಡುವೆ ಜಾಗ ಉಳಿಸುವುದು ಅದರ ಕೆಲಸ. ಅದಕ್ಕೆ ಸೀಟ್ ಬೆಲ್ಟು ಜೋಡಿ. ಕಮಾನು ಎತ್ತಿ ನಿಂತಿದ್ದರೆ ಬೆಲ್ಟು ಕಟ್ಟಿಕೊಳ್ಳಬೇಕು, ಮಡಚಿದ್ದರೆ ಅಥವಾ ಕಮಾನೇ ಇಲ್ಲದಿದ್ದರೆ ಕಟ್ಟಬಾರದು, ಹಾರಿ ಪಾರಾಗುವ ದಾರಿಯೂ ಮುಚ್ಚಿ ಹೋಗುತ್ತದೆ. ನಮ್ಮಲ್ಲಿ ಸೋಗೆಗೆ ತಾಗುತ್ತದೆ ಅಂತ ಕಮಾನು ಮಡಚಿಯೇ ಇಡುವವರು ಬಹಳ.

ಮಾಡಿಗೆ ಆಧಾರ ಹುಡುಕುವಾಗ ಎಲ್ಲರ ಕಣ್ಣು ಹೋಗುವುದು ಈ ಕಮಾನಿಗೇ. ಹೋಗಲಿ, ಆದರೆ ವೆಲ್ಡಿಂಗ್ ಬೇಡ, ತೂತು ಕೊರೆಯುವುದೂ ಬೇಡ. ಕಮಾನಿನ ಉಕ್ಕು ಮುರಿಯದೆ ಬಾಗಿ ಪೆಟ್ಟು ನುಂಗುವ ಹಾಗೆ ಲೆಕ್ಕ ಹಾಕಿ ಮಾಡಿದ್ದು. ವೆಲ್ಡಿಂಗ್ ಬಿಸಿ ತಾಗಿದಲ್ಲಿ ಆ ಗುಣ ಕೆಡುತ್ತದೆ, ಪೆಟ್ಟು ಬಿದ್ದಾಗ ಅಲ್ಲಿಂದಲೇ ಬಿರುಕು. ಇದನ್ನು ನಾನು ಓದಿ ತಿಳಿದುಕೊಂಡು ಹೋಗಿದ್ದರೂ ಪ್ರಯೋಜನ ಆಗಲಿಲ್ಲ. ಚಹಾ ಕುಡಿದು ಬರುವಷ್ಟರಲ್ಲಿ ವರ್ಕ್‌ಶಾಪಿನ ಹುಡುಗ ಕಮಾನಿಗೇ ಎರಡು ಕಡೆ ವೆಲ್ಡಿಂಗ್ ಟಾಕು ಹಾಕಿ, ಮೂರನೆಯದಕ್ಕೆ ಕಡ್ಡಿ ಸಿಕ್ಕಿಸಿಕೊಂಡು ನಿಂತಿದ್ದ. "ಗಟ್ಟಿ ಇರಲಿ ಅಂತ ಸರ್." ಹೊಸ ಕಮಾನು ತರಿಸಲು ಮಾಡಿಗಿಂತ ಹೆಚ್ಚು ಖರ್ಚಾಯಿತು. ಈಗ ಇರುವುದು ಯು ಆಕಾರದ ಕ್ಲಾಂಪು ನಾಲ್ಕು, ನಡುವೆ ರಬ್ಬರ್ ತುಂಡು. ನಟ್ಟು ಬಿಚ್ಚಿದರೆ ಮಾಡು ಕೈಗೆ ಬರುತ್ತದೆ. ನಿಮ್ಮ ಕೆಲಸ ನಡೆಯುವಾಗ ಚಹಾಕ್ಕೆ ಹೋಗಬೇಡಿ.

ಕಮಾನು ಇಲ್ಲದ ಹಳೇ ಗಾಡಿಗೆ ಮಡ್‌ಗಾರ್ಡಿನಿಂದ ನಾಲ್ಕು ಕಂಬ ಎಬ್ಬಿಸಿ ಮಾಡು ಹಾಕುತ್ತಾರೆ. ಮಳೆಗೆ ಅಡ್ಡಿಯಿಲ್ಲ. ಆದರೆ ಆ ಕಂಬಗಳನ್ನು ನೋಡಿ ಧೈರ್ಯ ತಂದುಕೊಳ್ಳಬೇಡಿ. ಗಾಡಿ ಮಗುಚಿದರೆ ಒಂದಿಂಚಿನ ಪೈಪು ಬೆಂಕಿಕಡ್ಡಿಗೆ ಸಮ.

ತೂಕದ ಲೆಕ್ಕವನ್ನೂ ಒಮ್ಮೆ ಹಾಕೋಣ. ಐದಡಿಗೆ ನಾಲ್ಕಡಿ ಮಾಡಿಗೆ ಅರ್ಧ ಮಿಲಿಮೀಟರ್ ದಪ್ಪದ ಜಿಂಕ್ ಶೀಟಾದರೆ ಏಳು ಕಿಲೋ ಚಿಲ್ಲರೆ. ಎರಡು ಮಿಲಿಮೀಟರ್ ದಪ್ಪದ ಚೌಕ ಪೈಪು ಮೀಟರಿಗೆ ಸುಮಾರು ಒಂದೂವರೆ ಕಿಲೋ, ಹನ್ನೆರಡು ಮೀಟರಿಗೆ ಹದಿನೇಳು, ಹದಿನೆಂಟು. ಒಟ್ಟು 25 ಕಿಲೋ. ಇದೇ ಮುಚ್ಚಿದ ಕ್ಯಾಬಿನಾದರೆ ಐದು ಮಿಲಿಮೀಟರ್ ಗಾಜೇ ಚದರ ಮೀಟರಿಗೆ ಹನ್ನೆರಡೂವರೆ ಕಿಲೋ. ಬಾಗಿಲು, ಚೌಕಟ್ಟು ಸೇರಿದರೆ ನೂರು ಕಿಲೋ ಲೆಕ್ಕವೇ ಅಲ್ಲ. ಗಾಡಿಯ ತೂಕವೇ ಆರುನೂರು, ಎಂಟುನೂರು ಕಿಲೋ ಇರುವಾಗ ಇದು ಸಣ್ಣದಲ್ಲ. 700 ಕಿಲೋದ ಗಾಡಿ, ಚಕ್ರದ ಅಂತರ 80 ಸೆಂಟಿಮೀಟರ್, ತೂಕದ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಅಂತ ಹಿಡಿದು ನಾನು ಹಾಕಿದ ಲೆಕ್ಕದಲ್ಲಿ, ಬೋಳು ಗಾಡಿ 36 ಡಿಗ್ರಿ ಅಡ್ಡ ಇಳಿಜಾರಿನಲ್ಲಿ ಮಗುಚುತ್ತದೆ, 25 ಕಿಲೋದ ಮಾಡು ಹೊತ್ತರೆ 34ರ ಹತ್ತಿರ, ನೂರು ಕಿಲೋದ ಪೆಟ್ಟಿಗೆ ಹೊತ್ತರೆ 31. ಅದೂ ಗಾಡಿ ನಿಂತಿದ್ದಾಗ. ಓಡುವಾಗ, ಒಂದು ಚಕ್ರ ಮುರಕಲ್ಲು ಹತ್ತಿದಾಗ, ಮತ್ತೊಂದು ಕೆಸರಲ್ಲಿ ಕುಸಿದಾಗ ಈ ಸಂಖ್ಯೆಗಳು ಅರ್ಧಕ್ಕೆ ಇಳಿದರೂ ಆಶ್ಚರ್ಯ ಇಲ್ಲ. ಅಳಿಯನ ಅಂಗಳ ಕೇರಂ ಬೋರ್ಡಿನ ಹಾಗೆ ಸಪಾಟು, ಅವನಿಗೆ ಐದು ಡಿಗ್ರಿ ಹೋದರೆ ನಷ್ಟ ಇಲ್ಲ, ಹೆಚ್ಚಿನ ತೂಕದಿಂದ ಚಕ್ರಕ್ಕೆ ಹಿಡಿತವೇ ಬರುತ್ತದೆ. ನಮ್ಮದು ಗುಡ್ಡೆಯಿಂದ ಬೈಲಿಗೆ ಇಳಿಯುವ ದಾರಿ.

ಶೀಟು ಯಾವುದು?

ಜಿಂಕ್ ಶೀಟು ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ. ನನಗೆ ಅದರ ಮೇಲಿರುವ ಮೊದಲ ದೂರು ಸದ್ದು. ಜೋರು ಮಳೆಯಲ್ಲಿ ತಲೆಯ ಮೇಲೆ ಚೆಂಡೆ ಬಾರಿಸಿದ ಹಾಗೆ, ಹಿಂದೆ ಟ್ರೇಲರಿನ ಹತ್ತಿರ ನಿಂತವರು "ನಿಲ್ಸಿ" ಅಂತ ಕೂಗಿದ್ದೂ ಕೇಳುವುದಿಲ್ಲ. ಶೀಟಿನಡಿಗೆ ತೆಳು ಫೋಮ್ ಅಂಟಿಸಿದರೆ ಸದ್ದೂ ತಗ್ಗುತ್ತದೆ, ಮಾರ್ಚಿನ ಕಾವೂ ತಗ್ಗುತ್ತದೆ.

ಎರಡನೆಯ ದೂರು ಮೈಲುತುತ್ತು (ತಾಮ್ರದ ಸಲ್ಫೇಟ್). ನಮ್ಮ ಟ್ರಾಕ್ಟರಿನ ಮಳೆಗಾಲದ ಮುಖ್ಯ ಕೆಲಸವೇ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮು ಹೊರುವುದು. ಮಳೆ ಹಿಡಿಯುವ ಮೊದಲು ಒಂದು, ನಲವತ್ತು ನಲವತ್ತೈದು ದಿನ ಬಿಟ್ಟು ಬಿಸಿಲಿನ ಬಿಡುವು ನೋಡಿ ಇನ್ನೊಂದು. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಯಿತಾ ಅಂತ ನೋಡಲು ಕತ್ತಿಯ ಮೊನೆ ಅದ್ದುತ್ತೇವಲ್ಲ, ಕೆಂಪು ಹತ್ತಿದರೆ ಸಾಲದು ಅಂತ ಅರ್ಥ. ಕಬ್ಬಿಣ ಕರಗಿ ತಾಮ್ರ ಅದರ ಜಾಗಕ್ಕೆ ಬಂದು ಕೂರುವ ಕೆಂಪು ಅದು. ಸತುವಿಗೆ, ಅಲ್ಯುಮಿನಿಯಮ್ಮಿಗೆ ತಾಮ್ರ ಇನ್ನೂ ದೊಡ್ಡ ಶತ್ರು. ಮರದ ಮೇಲಿಂದ ಹನಿಯುವ ಬೋರ್ಡೋ ಇಡೀ ದಿನ ಮಾಡಿನ ಮೇಲೆ ಬೀಳುತ್ತಿದ್ದರೆ, ನಿಮ್ಮ ಜಿಂಕ್ ಶೀಟು ಮಳೆಗಾಲವಿಡೀ ಆ ಪರೀಕ್ಷೆಗೆ ಕೂತ ಕತ್ತಿಯೇ. ಕುಂಬಳೆ, ಮಂಜೇಶ್ವರದ ಕಡಲಬದಿಯವರಿಗೆ ಉಪ್ಪುಗಾಳಿಯೂ ಸೇರಿತು.

ಹಾಗಾಗಿ ನಾನು ಫೈಬರಿಗೆ ಹೋದೆ. ಮೂರು ಮಿಲಿಮೀಟರ್ ದಪ್ಪದ್ದು, ಶೀಟಿಗಿಂತ ಒಂದು ಕಿಲೋ ಹೆಚ್ಚು ಭಾರ ಇದ್ದೀತು. ತುಕ್ಕು ಇಲ್ಲ, ಸದ್ದು ಕಡಿಮೆ, ಬೋರ್ಡೋ ಕಲೆ ತೊಳೆದರೆ ಹೋಗುತ್ತದೆ. ಚೌಕಟ್ಟು, ಕ್ಲಾಂಪು, ಕೂಲಿ ಸೇರಿ 16 ಸಾವಿರ. ಕೆಲವು ವರ್ಷ ಬಿಸಿಲು ತಿಂದ ಮೇಲೆ ಮೇಲ್ಮೈ ಪುಡಿಯಾಗಿ ನೂಲು ಏಳುತ್ತದೆ, ಮುಟ್ಟಿದರೆ ತುರಿಕೆ. ಅಷ್ಟರೊಳಗೆ ಒಂದು ಕೋಟು ಪೇಂಟು ಹೊಡೆಸಬೇಕು.

ತೆಂಗಿನ ಮರ ಇರುವವರಿಗೆ ಒಂದು ಮಾತು. ಹದಿನೈದು ಮೀಟರ್ ಮೇಲಿಂದ ಬೀಳುವ ಕಾಯಿ ಕೆಳಗೆ ಮುಟ್ಟುವಾಗ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುತ್ತದೆ. ಬರೀ ಫೈಬರು, ಬರೀ ಶೀಟು ಎರಡೂ ತೂತಾಗಬಹುದು. ತಲೆಯ ಮೇಲಿನ ಎರಡಡಿ ಚದರದಲ್ಲಿ ಅಡ್ಡ ಪೈಪು ಅರ್ಧ ಅಡಿಗೊಂದರಂತೆ ಕೊಡಿಸಿ, ಕಾಯಿ ಪೈಪಿಗೆ ಬಡಿದು ಆಚೆ ಹಾರಲಿ. ನನಗೆ ಮಾಡು ಬೇಕೇ ಬೇಕು ಅನಿಸಿದ್ದು ಮಳೆಗಿಂತ ಇದಕ್ಕೆ.

ನೀರು ಎಲ್ಲಿ ಬೀಳಬೇಕು ಅನ್ನುವುದನ್ನೂ ಮೊದಲೇ ಹೇಳಿ. ಮಾಡು ಮುಂದಕ್ಕೆ ಇಳಿದರೆ ನೀರು ಬಾನೆಟ್ಟಿಗೆ, ಬಿಸಿ ಸೈಲೆನ್ಸರಿಗೆ. ಹಿಂದಕ್ಕೆ ಇಳಿದರೆ ಹಿಂತಿರುಗಿ ನೋಡುವಾಗ ಸರಿಯಾಗಿ ಕುತ್ತಿಗೆಗೆ. ನಮ್ಮದು ಹಿಂದಕ್ಕೆ ಎರಡಿಂಚು ಇಳಿಜಾರು, ಅಂಚಿನಲ್ಲಿ ಸೀಳಿದ ಪಿವಿಸಿ ಪೈಪಿನ ದೋಣಿ, ಎಡಕ್ಕೆ ಹರಿಯುತ್ತದೆ.

ಕಾಗದಪತ್ರ

ನೋಂದಣಿ ಪುಸ್ತಕದಲ್ಲಿ ಇದ್ದ ಗಾಡಿಯ ರೂಪ ಬದಲಾಯಿಸುವಂತಿಲ್ಲ ಅನ್ನುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿಯೇ ಎತ್ತಿಹಿಡಿದದ್ದು ಕೇರಳದ್ದೇ ಪ್ರಕರಣದಲ್ಲಿ. ತೋಟದೊಳಗೆ ಯಾರೂ ಕೇಳುವುದಿಲ್ಲ. ಆದರೆ ಗಡಿ ದಾಟಿ ವಿಟ್ಲ, ಪುತ್ತೂರಿಗೆ ಅಡಿಕೆ ಒಯ್ಯುವವರು ಬಿಚ್ಚಲು ಬರುವ ಮಾಡೇ ಹಾಕಿಸಿ, ಖಾಯಂ ಕ್ಯಾಬಿನ್ ಆದರೆ ಮೊದಲು ಆರ್‌ಟಿ ಕಚೇರಿಯಲ್ಲಿ ಕೇಳಿ. ಇಲ್ಲವಾದರೆ ಅಪಘಾತವಾದ ದಿನ ವಿಮೆಯವರು ನಿಮ್ಮ ಮಾಡಿನಿಂದಲೇ ಮಾತು ಶುರುಮಾಡಿಯಾರು.

ಆರ್ಡರ್ ಕೊಡುವ ಮೊದಲು

ಅಡಿಕೆಯ ಅಂತರ ಪುಸ್ತಕದ ಪ್ರಕಾರ 2.7 ಮೀಟರ್, ನಮ್ಮ ಬಾಯಲ್ಲಿ ಒಂಬತ್ತಡಿ. ನಾಲ್ಕಡಿ ಅಗಲದ ಮಾಡು ಸಲೀಸಾಗಿ ಹೋಗಬೇಕು ಅನಿಸುತ್ತದೆ. ಆದರೆ ಅಜ್ಜ ನೆಟ್ಟ ತೋಟ ಪುಸ್ತಕ ಓದಿ ನೆಟ್ಟದ್ದಲ್ಲ. ನಡುವೆ ಕೊಕ್ಕೋ, ಬಾಳೆ, ಮರಕ್ಕೆ ಹಬ್ಬಿದ ಕಾಳುಮೆಣಸು, ತಲೆಯೆತ್ತರದಲ್ಲಿ ಕಟ್ಟಿದ ಸ್ಪ್ರಿಂಕ್ಲರ್ ಪೈಪು. ಅಗಲಕ್ಕಿಂತ ಎತ್ತರವೇ ತೊಂದರೆ ಕೊಡುತ್ತದೆ.

ಅಡಿಕೆ ಸಲಾಕೆ ನಾಲ್ಕು ಸೀಳಿ, ನೀವು ಯೋಚಿಸಿದ ಮಾಡಿನ ಅಳತೆಗೆ ಚೌಕ ಕಟ್ಟಿ, ಟ್ರಾಕ್ಟರಿನ ಮೇಲೆ ಅಷ್ಟೇ ಎತ್ತರಕ್ಕೆ ನಿಲ್ಲಿಸಿ. ಹಾಗೆಯೇ ಇಡೀ ತೋಟ ಒಂದು ಸುತ್ತು ಬನ್ನಿ. ತಾಗಿದಲ್ಲೆಲ್ಲ ಒಂದು ಕೆಂಪು ಚಿಂದಿ ಕಟ್ಟಿ. ನನ್ನದು ಹನ್ನೊಂದು ಕಡೆ ತಾಗಿತು. ಹತ್ತು ಕೊಕ್ಕೋ ಗೆಲ್ಲು, ಒಂದು ಅಂಗಳದ ತುದಿಯಲ್ಲಿ ಅಮ್ಮ ಬಟ್ಟೆ ಒಣಹಾಕುವ ಹಗ್ಗ. ಗೆಲ್ಲುಗಳನ್ನು ಸವರಿದೆ. ಹಗ್ಗ ಮೇಲೆ ಕಟ್ಟಲು ಅಮ್ಮ ಒಪ್ಪಲಿಲ್ಲ, ಮಾಡನ್ನೇ ಮೂರಿಂಚು ತಗ್ಗಿಸಿದೆ.